ದಫ್‌ನ ಸದ್ದು ಎಲ್ಲಿ ಹೋಯಿತು?

ಉಪ್ಪಳದ ಹತ್ತಿರ, ಹೆದ್ದಾರಿಯಿಂದ ಸ್ವಲ್ಪ ಒಳಗೆ ನಮ್ಮದೊಂದು ಜೀನಸು ಅಂಗಡಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಗಿರಾಕಿಗಳ ಜೊತೆ ತುಳು, ಪಂಚಾಯತಿನ ಕಾಗದದಲ್ಲಿ ಮಲಯಾಳ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೇನೆ. ಅಂಗಡಿಯನ್ನು ಮೊದಲು ಉಪ್ಪ ನೋಡಿಕೊಳ್ಳುತ್ತಿದ್ದರು, ಈಗ ತಮ್ಮ ನೋಡಿಕೊಳ್ಳುತ್ತಾನೆ. ಈ ಬದಲಾವಣೆ ಆದದ್ದು ಹೇಗೆ ಎಂಬುದೂ ಈ ಕಥೆಯೊಳಗೇ ಬರುತ್ತದೆ.

2020ರ ಮಾರ್ಚ್ ಕೊನೆ. ಲಾಕ್‌ಡೌನ್ ಆಗಿ ತಲಪಾಡಿಯಲ್ಲಿ ಗಡಿ ಮುಚ್ಚಿತು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಮಂಗಳೂರು ಒಮ್ಮೆಗೇ ಪರದೇಶವಾಯಿತು. ನನಗೆ ಕೆಲಸವಿಲ್ಲ, ಉಪ್ಪನಿಗೆ ಮೊಣಕಾಲು ನೋವು. ಎಪ್ಪತ್ತು ದಾಟಿದವರು ಹೊರಗೆ ಬರಬಾರದು ಎಂದು ಎಲ್ಲರೂ ಹೇಳುತ್ತಿದ್ದ ಕಾರಣ ಅವರು ಚಾವಡಿಯ ಕುರ್ಚಿಯಲ್ಲೇ ದಿನ ಕಳೆಯುತ್ತಿದ್ದರು. ಹೊತ್ತು ಹೋಗಲಿ ಎಂದು ನಾನೊಂದು ಉಪಾಯ ಮಾಡಿದೆ. ಭಾವ ವರ್ಷಗಳ ಹಿಂದೆ ದುಬೈಯಿಂದ ತಂದಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಎಂಪಿ3 ಪ್ಲೇಯರ್ ಮನೆಯಲ್ಲಿತ್ತು. ಫೋನಿನ ಗಾಜಿನ ಮೇಲೆ ಉಪ್ಪನ ಬೆರಳು ನಿಲ್ಲುವುದಿಲ್ಲ. ಇದರಲ್ಲಾದರೆ ಒತ್ತಲು ಗುಬ್ಬಿಗಳಿದ್ದವು. ಹಳೆಯ ಮಾಪಿಳ್ಳೆ ಹಾಡುಗಳು, ಒಂದಿಷ್ಟು ಬ್ಯಾರಿ ಪಾಟ್ ತುಂಬಿಸಿದೆ. ಕೊನೆಗೆ ನಮ್ಮ ಮನೆಯದೇ ಆದ ಒಂದು ಫೈಲನ್ನೂ ಹಾಕಿದೆ.

ಆ ಫೈಲಿನ ಬಗ್ಗೆ ಹೇಳಬೇಕು. 1994ರಲ್ಲಿ ನಮ್ಮ ಅತ್ತೆಯ ಮದುವೆಯ ರಾತ್ರಿ ಊರಿನ ಹುಡುಗರು ದಫ್ ಬಾರಿಸಿದ್ದರು. ತಂಡದ ಮುಂದಾಳು ಉಪ್ಪನ ತಮ್ಮ, ನನ್ನ ಚಿಕ್ಕಪ್ಪ. ಯಾರೋ ಅಂಗಡಿಯ ಟು-ಇನ್-ವನ್ ತಂದು ಬಾಗಿಲ ಬಳಿ ಇಟ್ಟು ರೆಕಾರ್ಡ್ ಒತ್ತಿದ್ದರು. ಹನ್ನೊಂದು ನಿಮಿಷ. ನಾನಾಗ ಚಿಕ್ಕವ. ಬೆಂಕಿಯ ಬಳಿ ದಫ್‌ನ ಚರ್ಮ ಕಾಯಿಸಿ ಬಿಗಿ ಮಾಡುತ್ತಿದ್ದುದು ಮಾತ್ರ ನೆನಪು. ಚಿಕ್ಕಪ್ಪ ಆಮೇಲೆ ಗಲ್ಫಿಗೆ ಹೋದರು. 1999ರಲ್ಲಿ ಅಲ್ಲೇ ತೀರಿಕೊಂಡರು, ಅಲ್ಲೇ ದಫನವಾಯಿತು. ಮಯ್ಯತ್ತನ್ನು ಉಪ್ಪ ನೋಡಲಿಲ್ಲ. ಊರಿನಲ್ಲಿ ಉಳಿದದ್ದು ಎರಡು ಫೋಟೊ, ಒಂದು ಪೆಟ್ಟಿಗೆ ಮತ್ತು ಈ ಕ್ಯಾಸೆಟ್. ಅದನ್ನು 2012ರಲ್ಲಿ ನಾನೇ ಕಂಪ್ಯೂಟರಿಗೆ ಹಾಕಿದ್ದೆ. ಆಗ ಮನೆಯವರೆಲ್ಲ ನನ್ನನ್ನು ಹೊಗಳಿದ್ದರು.

ಉಪ್ಪ ಇಯರ್‌ಫೋನ್ ಸಿಕ್ಕಿಸಿಕೊಂಡು ಆ ಹನ್ನೊಂದು ನಿಮಿಷವನ್ನು ಪೂರ್ತಿ ಕೇಳಿದರು. ಆಮೇಲೆ ತೆಗೆದು ಮಡಿಲಲ್ಲಿಟ್ಟು ಹೇಳಿದರು: "ಮೋನೇ, ಪಾಟ್ ಉಂಟು. ದಫ್ ಇಲ್ಲ."

"ಇಲ್ಲದೆ ಎಲ್ಲಿಗೆ ಹೋಗ್ತದೆ ಉಪ್ಪ, ಉಂಟು."

"ಕೋಲು ತಾಗಿದ ಹಾಗೆ ಟಕ್ ಟಕ್ ಅಂತ ಕೇಳ್ತದೆ. ದಫ್ ಹಾಗೆ ಕೇಳುವುದಲ್ಲ."

ನಾನು ಹೇಳಬಾರದ್ದನ್ನು ಹೇಳಿದೆ. "ದಫ್ ಸರಿ ಉಂಟು. ನಿಮ್ಮ ಕಿವಿ ಹೋಗಿದೆ."

ಉಪ್ಪ ಮಾತಾಡಲಿಲ್ಲ. ಮಾತಾಡದಿರಲು ಕಾರಣವಿತ್ತು. ಈ ಮಾತನ್ನು ನಾವು ಮನೆಯವರು ಎರಡು ವರ್ಷದಿಂದ ಹೇಳುತ್ತಲೇ ಇದ್ದೆವು. ಫೋನಿನಲ್ಲಿ ಬಂದ ಆರ್ಡರ್ ತಪ್ಪು ಬರೆದುಕೊಳ್ಳುತ್ತಾರೆ, ಗಿರಾಕಿ ಒಂದು ಕೇಳಿದರೆ ಇನ್ನೊಂದು ಕೊಡುತ್ತಾರೆ ಎಂದು ಮೊದಲು ಫೋನನ್ನು, ಆಮೇಲೆ ಗಲ್ಲಾಪೆಟ್ಟಿಗೆಯನ್ನು ಅವರಿಂದ ಮೆಲ್ಲ ಬಿಡಿಸಿದ್ದೆವು. ಯಾರೂ ಜಗಳ ಮಾಡಿರಲಿಲ್ಲ. "ನೀವು ಆರಾಮ ಮಾಡಿ ಉಪ್ಪ" ಎಂದಷ್ಟೇ ಹೇಳಿದ್ದು. ಕಿವಿಯ ಮಾತೆಂದರೆ ಅವರಿಗೆ ಅಂಗಡಿ ಹೋದ ಮಾತು.

ರಾತ್ರಿ ನಿದ್ದೆ ಬರಲಿಲ್ಲ. ತೋರಿಸಿಕೊಟ್ಟರೆ ಸಮಾಧಾನ ಆದೀತು ಎಂದುಕೊಂಡೆ. ಯಾರ ಸಮಾಧಾನಕ್ಕೆ ಎಂದು ಆಗ ಯೋಚಿಸಲಿಲ್ಲ.

ಮರುದಿನ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ತೆರೆದೆ. ಧ್ವನಿ ಕತ್ತರಿಸಲು, ಜೋಡಿಸಲು ಬಳಸುವ ಉಚಿತ ಸಾಫ್ಟ್‌ವೇರ್ ಅದು. ಅದರಲ್ಲಿ ಬೇಕಾದ ಹರ್ಟ್ಸ್‌ನ ಶುದ್ಧ ಸ್ವರವನ್ನು ಹುಟ್ಟಿಸಬಹುದು. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ನಾವು ಬೇಸ್ ಎನ್ನುವ ತಗ್ಗಿನ ಸದ್ದು ಸುಮಾರು 20ರಿಂದ 250 ಹರ್ಟ್ಸ್‌ವರೆಗಿನದು. ನಾನು 60, 100, 200, 1000, 4000, 8000 ಹೀಗೆ ಆರು ಸ್ವರ ಮಾಡಿ ಪ್ಲೇಯರಿಗೆ ಹಾಕಿದೆ. ಕೇಳಿದಾಗ ಬೆರಳೆತ್ತಿ ಎಂದು ಉಪ್ಪನಿಗೆ ಹೇಳಿದೆ.

60ಕ್ಕೆ ಬೆರಳು ಏಳಲಿಲ್ಲ. 100ಕ್ಕೂ ಇಲ್ಲ. 'ನೋಡಿದಿರಾ' ಎಂದು ಹೇಳಲು ಬಾಯಿ ತೆರೆದಿದ್ದೆ. ಹೇಳುವ ಮೊದಲು, ವರ್ಕ್‌ಶಾಪಿನ ಅಭ್ಯಾಸದಿಂದ, ಅಳತೆಯ ಸಾಧನ ಸರಿ ಉಂಟಾ ಎಂದು ಪರೀಕ್ಷಿಸಲು ಅದೇ ಇಯರ್‌ಫೋನನ್ನು ನನ್ನ ಕಿವಿಗೆ ಹಾಕಿ 60 ಒತ್ತಿದೆ.

ನನಗೂ ಕೇಳಲಿಲ್ಲ.

ಇಯರ್‌ಫೋನನ್ನು ಬೆರಳಿನಿಂದ ಒಳಕ್ಕೆ ಒತ್ತಿದೆ. ಎಲ್ಲೋ ದೂರ ನಿಂತ ಲಾರಿಯ ಎಂಜಿನ್‌ನಂತೆ 60 ಹರ್ಟ್ಸ್ ಎದ್ದು ಬಂತು. ಬಿಟ್ಟೆ, ಹೋಯಿತು. ಒತ್ತಿದೆ, ಬಂತು.

ನಾಚಿಕೆಯಾಯಿತು. ಇದು ನಾನು ಡಿಪ್ಲೊಮಾದಲ್ಲಿ ಓದಿದ ವಿಷಯವೇ. ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ತೂತಿಗೆ ಬೆರಳು ಸಡಿಲವಾಗಿ ಇಟ್ಟು ಪಂಪನ್ನು ನಿಧಾನ ಒತ್ತಿದರೆ ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ಒತ್ತಡ ಹುಟ್ಟುವುದೇ ಇಲ್ಲ. ಅದೇ ಪಂಪನ್ನು ಫಕ್ಕನೆ ಒತ್ತಿದರೆ ಸೋರಲು ಸಮಯ ಸಿಗದೆ ಬೆರಳಿಗೆ ಒತ್ತಡ ತಾಗುತ್ತದೆ. ಇಯರ್‌ಫೋನಿನ ಒಳಗಿನ ಪೊರೆ ಒಂದು ಸಣ್ಣ ಪಿಸ್ಟನ್, ಕಿವಿಯ ನಾಳ ಸಿಲಿಂಡರ್. 60 ಹರ್ಟ್ಸ್ ಎಂದರೆ ನಿಧಾನದ ಒತ್ತು, 5000 ಎಂದರೆ ಫಕ್ಕನೆಯ ಒತ್ತು. ಸಂದಿ ಇದ್ದರೆ ಮೊದಲು ಸೋರಿಹೋಗುವುದು ತಗ್ಗಿನ ಸದ್ದು. ರಿಂಗ್ ಸವೆದ ಎಂಜಿನ್‌ಗೆ ಕಂಪ್ರೆಶನ್ ಇಲ್ಲ ಎಂದು ದಿನಾ ಹೇಳುವ ನಾನು ಉಪ್ಪನ ಕಿವಿಯ ಬಾಗಿಲಿನಲ್ಲಿದ್ದ ಸೋರಿಕೆಯನ್ನು ನೋಡಿರಲಿಲ್ಲ.

ಇಯರ್‌ಫೋನಿನ ತುದಿಗಿದ್ದ ಸಿಲಿಕೋನ್ ಟೋಪಿ ಅತಿ ಸಣ್ಣದು. ಮೊದಲು ಆ ಪ್ಲೇಯರನ್ನು ಬಳಸಿದ್ದ ತಂಗಿಯ ಮಗ ತನ್ನ ಕಿವಿಗೆ ತಕ್ಕದ್ದನ್ನು ಹಾಕಿಕೊಂಡಿದ್ದ. ಪೆಟ್ಟಿಗೆಯಲ್ಲಿ ಬಂದಿದ್ದ ಇನ್ನೆರಡು ಜೊತೆ ಉಮ್ಮನ ಹೊಲಿಗೆಯ ಡಬ್ಬದಲ್ಲಿ ಗುಂಡಿಗಳ ನಡುವೆ ಸಿಕ್ಕಿತು. ಪ್ರಯೋಗ ಮಾಡಿ ನೋಡಿದಾಗ ಉಪ್ಪನ ಬಲಗಿವಿಗೆ ದೊಡ್ಡದು, ಎಡಗಿವಿಗೆ ಮಧ್ಯಮ. ಇದು ವಿಚಿತ್ರವಲ್ಲ, ಎರಡು ಕಿವಿಯ ನಾಳ ಒಂದೇ ಅಳತೆ ಇರಬೇಕೆಂದಿಲ್ಲ. ಹಾಕುವಾಗ ಇನ್ನೊಂದು ಕೈಯಿಂದ ಕಿವಿಯ ಮೇಲ್ಭಾಗವನ್ನು ಸ್ವಲ್ಪ ಮೇಲಕ್ಕೆ, ಹಿಂದಕ್ಕೆ ಎಳೆದರೆ ನಾಳ ನೇರವಾಗಿ ಟೋಪಿ ಸರಿಯಾಗಿ ಕೂರುತ್ತದೆ.

ಮತ್ತೆ ಸ್ವರ ಹಾಕಿದೆ. 60ಕ್ಕೆ ಬೆರಳು. 100ಕ್ಕೆ ಬೆರಳು. 200, 1000, ನನ್ನಷ್ಟೇ ಬೇಗ. 4000ಕ್ಕೆ ವಾಲ್ಯೂಮ್ ಜಾಸ್ತಿ ಮಾಡಿದ ಮೇಲೆ ಎತ್ತಿದರು. 8000ಕ್ಕೆ ಎತ್ತಲೇ ಇಲ್ಲ. ಉಪ್ಪ ನನ್ನ ಮುಖ ನೋಡಿ "ಆಯ್ತಾ, ಪಾಸಾ?" ಎಂದರು.

ವಯಸ್ಸಾದಂತೆ ಕಿವಿಯಲ್ಲಿ ಮೊದಲು ಮಂಕಾಗುವುದು ಮೇಲಿನ ಸ್ವರಗಳು. ತಗ್ಗಿನವು ಬಹಳ ಕಾಲ ಉಳಿಯುತ್ತವೆ. ಉಪ್ಪನದು ಹಾಗೆಯೇ ಇತ್ತು. ಎಂದರೆ ದಫ್‌ನ ಸದ್ದಿನ ಬಗ್ಗೆ ನಮ್ಮ ಮನೆಯಲ್ಲಿ ನಂಬಬಹುದಾದ ಕಿವಿ ಅವರದ್ದೂ ಹೌದು. ಅವರು ಇಲ್ಲ ಎಂದರೆ ಅದು ಇಲ್ಲ.

ಆದರೆ ಫೈಲ್ ಹಾಕಿದರೆ ಈಗಲೂ ದಫ್ ಇಲ್ಲ. "ಸ್ವಲ್ಪ ಹತ್ತಿರ ಬಂತು, ಆದರೆ ಅದಲ್ಲ" ಎಂದರು ಉಪ್ಪ. ಬೇರೆ ಹಾಡುಗಳಲ್ಲಿ ತಬಲಾದ ಎಡಗೈ ಕೇಳಿ ಖುಷಿಪಟ್ಟಿದ್ದರು. ಇನ್ನೂ ಏನೋ ಕೊರತೆ ಉಂಟು ಎಂದು ನಾನು ಪ್ಲೇಯರನ್ನೇ ಬಿಚ್ಚಿದೆ. ಲಾಕ್‌ಡೌನ್‌ನಲ್ಲಿ ಬೇರೆ ಏನು ಕೆಲಸ?

ಒಳಗೆ ಹೆಡ್‌ಫೋನ್ ತೂತಿನ ಹತ್ತಿರ ಅಕ್ಕಿಕಾಳಿನಷ್ಟು ಎರಡು ಹಳದಿ ಕೆಪ್ಯಾಸಿಟರ್, ಮೇಲೆ 107 ಎಂದು ಬರೆದಿತ್ತು. 10ರ ಮುಂದೆ ಏಳು ಸೊನ್ನೆ, ಅಷ್ಟು ಪಿಕೋಫ್ಯಾರಡ್, ಅಂದರೆ 100 ಮೈಕ್ರೋಫ್ಯಾರಡ್. ಇವು ಅಲ್ಲಿ ಯಾಕೆ? ಒಂದೇ ಬ್ಯಾಟರಿಯಲ್ಲಿ ನಡೆಯುವ ಇಂಥ ಸಣ್ಣ ಪ್ಲೇಯರಿನ ಆಂಪ್ಲಿಫೈಯರ್‌ನ ಬಾಯಲ್ಲಿ ಸಂಗೀತದ ಜೊತೆ ನಿಂತ ನೀರಿನ ಹಾಗೆ ಒಂದು ನೇರ ವೋಲ್ಟೇಜ್ ಇರುತ್ತದೆ. ಅದು ಇಯರ್‌ಫೋನಿಗೆ ಹೋಗಬಾರದು. ಅದನ್ನು ತಡೆದು ಸಂಗೀತವನ್ನು ಮಾತ್ರ ದಾಟಿಸಲು ಕೆಪ್ಯಾಸಿಟರ್. ಪೈಪಿಗೆ ಅಡ್ಡ ಕಟ್ಟಿದ ರಬ್ಬರ್ ಪೊರೆಯಂತೆ ಅದು. ಬೇಗಬೇಗನೆ ಹಿಂದೆ ಮುಂದೆ ನೂಕಿದರೆ ಆಚೆ ಬದಿಗೂ ಚಲನೆ ಹೋಗುತ್ತದೆ, ನಿಧಾನ ನೂಕಿದರೆ ಪೊರೆ ಉಬ್ಬಿ ನಿಂತುಬಿಡುತ್ತದೆ. ಇಲ್ಲೂ ಪೆಟ್ಟು ಬೀಳುವುದು ಬೇಸ್‌ಗೇ.

ಎಷ್ಟು ಪೆಟ್ಟು ಎಂಬುದಕ್ಕೆ ಲೆಕ್ಕ ಉಂಟು. 2 ಪೈ, ಇಯರ್‌ಫೋನಿನ ಓಮ್, ಕೆಪ್ಯಾಸಿಟರ್‌ನ ಫ್ಯಾರಡ್ ಈ ಮೂರನ್ನು ಗುಣಿಸಿ, 1ನ್ನು ಅದರಿಂದ ಭಾಗಿಸಬೇಕು. ಬರುವ ಹರ್ಟ್ಸ್‌ನಲ್ಲಿ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ, ಅದರ ಕೆಳಗೆ ಇನ್ನೂ ಇಳಿಯುತ್ತಾ ಹೋಗುತ್ತದೆ. 100 ಮೈಕ್ರೋಫ್ಯಾರಡ್‌ಗೆ 16 ಓಮ್‌ನ ಇಯರ್‌ಫೋನ್ ಸಿಕ್ಕಿಸಿದರೆ ಸುಮಾರು 100 ಹರ್ಟ್ಸ್. 32 ಓಮ್ ಆದರೆ 50. ಒಳಗೆ 220 ಇದ್ದಿದ್ದರೆ 16 ಓಮ್‌ಗೆ 45, 32 ಓಮ್‌ಗೆ 23. ಒಂದೇ ಪ್ಲೇಯರ್ ಒಬ್ಬರ ಇಯರ್‌ಫೋನಿನಲ್ಲಿ ತೆಳು, ಇನ್ನೊಬ್ಬರದರಲ್ಲಿ ದಪ್ಪ ಕೇಳುವುದಕ್ಕೆ ಇದೂ ಒಂದು ಕಾರಣ. ಈ ಕೆಪ್ಯಾಸಿಟರ್ ಬೇಡದ ಹಾಗೆ ಮಾಡಿದ ಪ್ಲೇಯರುಗಳೂ ಇವೆ, ಅವುಗಳಿಗೆ ಈ ತೊಂದರೆ ಇಲ್ಲ.

ದೊಡ್ಡ ಕೆಪ್ಯಾಸಿಟರ್ ಹಾಕಲು ಒಳಗೆ ಜಾಗವಿಲ್ಲ, ತರಲು ಮಂಗಳೂರೂ ಇಲ್ಲ. ಅಟ್ಟದಲ್ಲಿ ನನ್ನ ಕಾಲೇಜು ದಿನಗಳ ದೊಡ್ಡ ಹೆಡ್‌ಫೋನ್ ಇತ್ತು, 32 ಓಮ್‌ನದು. ಮೆತ್ತೆ ಹುಡಿಹುಡಿಯಾಗಿತ್ತು. ಉಮ್ಮ ಹಳೆಯ ಮೆತ್ತನೆಯ ಬಟ್ಟೆಯೊಳಗೆ ಸ್ಪಂಜು ತುಂಬಿಸಿ ಉಂಗುರದಂತೆ ಹೊಲಿದುಕೊಟ್ಟರು. ಅದನ್ನು ಹಾಕಿದಾಗ ಉಪ್ಪನ ಕನ್ನಡಕದ ಕಡ್ಡಿ ಮೆತ್ತೆಯ ಅಡಿಯಲ್ಲಿ ಸಂದಿ ಮಾಡುತ್ತಿತ್ತು. ಹಾಡು ಕೇಳಲು ಕನ್ನಡಕ ಯಾಕೆ ಎಂದು ತೆಗೆದಿಟ್ಟರು. ಬೇಸ್ ಇನ್ನೂ ಒಂದು ಮೆಟ್ಟಿಲು ಬೆಳೆಯಿತು.

ಕೊನೆಗೆ ಈಕ್ವಲೈಸರ್. ತಂಗಿಯ ಮಗ ಅದರಲ್ಲಿ ಬೇಸಿನ ಗೆರೆಯನ್ನು ತುತ್ತತುದಿಗೆ ಏರಿಸಿಟ್ಟಿದ್ದ. ಹೆಚ್ಚಿನವರು ಮಾಡುವುದೂ ಅದನ್ನೇ. ಹತ್ತು ಡೆಸಿಬೆಲ್ ಏರಿಸುವುದೆಂದರೆ ಹತ್ತು ಪಟ್ಟು ಶಕ್ತಿ ಕೇಳಿದ ಹಾಗೆ. ಆ ಸಣ್ಣ ಆಂಪ್ಲಿಫೈಯರ್ ಎಲ್ಲಿಂದ ಕೊಡಬೇಕು? ಅಲೆಯ ತಲೆ ಕತ್ತರಿಸಿಹೋಗಿ ಬುರ್ರ್ ಎನ್ನುತ್ತದೆ. ಸರಿಯಾದ ದಾರಿ ತಿರುಗುಮುರುಗು. ಬೇಸನ್ನು ಇದ್ದಲ್ಲೇ ಬಿಟ್ಟು ನಡುವಿನ ಮತ್ತು ಮೇಲಿನ ಗೆರೆಗಳನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ, ಕೊರತೆಯನ್ನು ವಾಲ್ಯೂಮಿನಲ್ಲಿ ತುಂಬಿಸಿಕೊಳ್ಳಬೇಕು. ತಕ್ಕಡಿಯ ಒಂದು ತಟ್ಟೆ ತಗ್ಗಬೇಕಾದರೆ ಅದಕ್ಕೆ ಭಾರ ಹಾಕಲೇಬೇಕೆಂದಿಲ್ಲ, ಇನ್ನೊಂದರಿಂದ ತೆಗೆದರೂ ಆಗುತ್ತದೆ. ಉಪ್ಪನಿಗೆ ಇದು ನನಗಿಂತ ಬೇಗ ಅರ್ಥವಾಯಿತು.

ಅದೇ ಹುಡುಗನಿಗೆ ಹೇಳಿದ ಒಂದು ಮಾತನ್ನು ಮಕ್ಕಳಿರುವ ಮನೆಗಳಿಗಾಗಿ ಇಲ್ಲೂ ಹೇಳುತ್ತೇನೆ. ಸಣ್ಣ ಸದ್ದಿನಲ್ಲಿ ನಮ್ಮ ಕಿವಿ ಬೇಸನ್ನು ಕಡಿಮೆ ಹಿಡಿಯುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದ್ದರು. ಹಾಗಾಗಿ ಬೇಸ್ ಸಾಲದು ಅನಿಸಿದ ಕೂಡಲೇ ಕೈ ವಾಲ್ಯೂಮಿಗೆ ಹೋಗುತ್ತದೆ, ಬಸ್ಸಿನ ಗದ್ದಲದಲ್ಲಂತೂ ಇನ್ನೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧವಾಗುತ್ತದೆ. 90ಕ್ಕೆ ಬಂದರೆ ವಾರಕ್ಕೆ ನಾಲ್ಕೇ ಗಂಟೆ. ಟೋಪಿ ಸರಿಯಾಗಿ ಕೂತರೆ ಹೊರಗಿನ ಗದ್ದಲವೂ ಕಡಿಮೆ, ಬೇಸೂ ಜಾಸ್ತಿ, ಆಗ ವಾಲ್ಯೂಮನ್ನು ಇಳಿಸಿಯೇ ಕೇಳಬಹುದು. ಐದು ರೂಪಾಯಿಯ ರಬ್ಬರ್ ತುಂಡು ಕಿವಿಯನ್ನು ಉಳಿಸುತ್ತದೆ. ರಸ್ತೆಯಲ್ಲಿ ನಡೆಯುವಾಗ ಮಾತ್ರ ಹಾಕಬೇಡಿ, ಹಿಂದೆ ಬರುವ ಬಸ್ಸಿನ ಹಾರ್ನ್ ಕೇಳುವುದಿಲ್ಲ.

ಇಷ್ಟೆಲ್ಲ ಆಗುವಾಗ ಹತ್ತು ದಿನ. ಎಲ್ಲ ಹಾಡುಗಳೂ ಈಗ ಹೊಟ್ಟೆ ತುಂಬಿದಂತೆ ಕೇಳುತ್ತಿದ್ದವು. ಚಿಕ್ಕಪ್ಪನ ಹನ್ನೊಂದು ನಿಮಿಷ ಬಿಟ್ಟು.

ಎಲ್ಲದರಲ್ಲೂ ಇದ್ದು ಒಂದರಲ್ಲಿ ಮಾತ್ರ ಇಲ್ಲದಿದ್ದರೆ ತಪ್ಪು ಇಯರ್‌ಫೋನಿನದ್ದೂ ಅಲ್ಲ, ಪ್ಲೇಯರಿನದ್ದೂ ಅಲ್ಲ. ಆ ಒಂದರದ್ದು. ಫೈಲನ್ನು ಆಡಾಸಿಟಿಯಲ್ಲಿ ತೆರೆದು ಯಾವ ಹರ್ಟ್ಸ್‌ನಲ್ಲಿ ಎಷ್ಟು ಸದ್ದಿದೆ ಎಂಬ ನಕ್ಷೆ ತೆಗೆದೆ. 200ರಿಂದ ಕೆಳಗೆ, ಬೆಟ್ಟದ ಅಂಚು ಕುಸಿದಂತೆ, ಏನೂ ಇರಲಿಲ್ಲ.

ಯಂತ್ರ ಹಾಗೆ ಕತ್ತರಿಸುವುದಿಲ್ಲ. ಕೈ ಕತ್ತರಿಸಿದ್ದು. ನನ್ನದೇ ಕೈ.

ನೆನಪಾಯಿತು. 2012ರಲ್ಲಿ ಕ್ಯಾಸೆಟ್ ಹಾಕಿದಾಗ ಉದ್ದಕ್ಕೂ ಗೊಂಯ್ ಎಂಬ ಸದ್ದು ಬರುತ್ತಿತ್ತು. ಮನೆಯ ಕರೆಂಟು 50 ಹರ್ಟ್ಸ್‌ನದು. ಅದು ಧ್ವನಿಯೊಳಗೆ ನುಸುಳಿದರೆ 50, 100, 150 ಹೀಗೆ ಗುಂಯ್‌ಗುಡುತ್ತದೆ. ಆಗ ನಾನು ಹೊಸದಾಗಿ ಕಲಿತಿದ್ದ ಹುಮ್ಮಸ್ಸಿನಲ್ಲಿ ಹೈ-ಪಾಸ್ ಫಿಲ್ಟರ್ ಹಾಕಿ, 200ರ ಕೆಳಗಿದ್ದದ್ದನ್ನೆಲ್ಲ ಗುಡಿಸಿಬಿಟ್ಟಿದ್ದೆ. ಗೊಂಯ್ ಹೋಯಿತು. ಹಾಡು ಸ್ವಚ್ಛವಾಯಿತು. ದಫ್‌ನ ಹೊಟ್ಟೆಯ ಸದ್ದು ಅದೇ ಕಸದ ಜೊತೆ ಹೊರಗೆ ಹೋಯಿತು. ಚರ್ಮಕ್ಕೆ ಬೆರಳು ತಾಗುವ ಟಕ್ ಮಾತ್ರ ಉಳಿಯಿತು. ಎಂಟು ವರ್ಷ ನಮ್ಮ ಕುಟುಂಬದವರೆಲ್ಲ ಅದನ್ನೇ ಕೇಳಿದ್ದರು. ಮೊದಲು ಕಂಡುಹಿಡಿದದ್ದು, ಕಿವಿ ಕೇಳುವುದಿಲ್ಲ ಎಂದು ನಾವು ಬದಿಗೆ ಕೂರಿಸಿದ ಮನುಷ್ಯ.

ಕತ್ತರಿಸುವ ಮೊದಲಿನ ಫೈಲ್? ಡಿಸ್ಕ್ ತುಂಬಿತೆಂದು ಅಳಿಸಿದ್ದೆ. ಒಂದು ನಿಮಿಷದ ಕಚ್ಚಾ ಸ್ಟೀರಿಯೊ ಧ್ವನಿಗೆ ಸುಮಾರು 10 ಎಂಬಿ ಬೇಕು. ಹನ್ನೊಂದು ನಿಮಿಷಕ್ಕೆ 110. ಒಂದು ಸಿನಿಮಾಕ್ಕೆ ಕೊಡುವ ಜಾಗದ ಆರನೆಯ ಒಂದು ಭಾಗವನ್ನು ಚಿಕ್ಕಪ್ಪನಿಗೆ ಕೊಡಲು ನನಗೆ ಆಗಿರಲಿಲ್ಲ.

ಕ್ಯಾಸೆಟ್ ಹುಡುಕಿದೆ. ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ, ಎಂಟು ಮಳೆಗಾಲದ ತೇವ ಕುಡಿದು ಕೂತಿತ್ತು. ಕಿಟಕಿಯಿಂದ ನೋಡಿದರೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು. ಟೇಪನ್ನು ಹೆಡ್‌ಗೆ ಒತ್ತಿ ಹಿಡಿಯುವ ಉಣ್ಣೆಯ ಸಣ್ಣ ತುಂಡು ಅಂಟು ಬಿಟ್ಟು ಒಳಗೆ ಬಿದ್ದಿತ್ತು. ಆ ದಿನ ನಾನು ಉಪ್ಪನಿಗೆ ಎಲ್ಲವನ್ನೂ ಹೇಳಿದೆ. ಗೊಂಯ್ ತೆಗೆಯಲು ಹೋಗಿ ದಫ್ ತೆಗೆದದ್ದು ನಾನೇ ಎಂದೆ. ಇದು ಹಾಳಾದರೆ ಇನ್ನೊಂದಿಲ್ಲ ಎಂದೂ ಹೇಳಿದೆ. ಅವರು ಕ್ಯಾಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಒಂದೆರಡು ಉಳಿದಿರಬೇಕು. ಮೇಲಿನ ಹಲಗೆ, ಬಲಬದಿ, ಬೀಡಿಯ ಹಿಂದೆ" ಎಂದರು. ತಮ್ಮ ನಂಬಲಿಲ್ಲ. ಹೋಗಿ ನೋಡಿದರೆ ಅಲ್ಲೇ ಇತ್ತು, ಸ್ಕ್ರೂ ಇರುವ ನಮೂನೆಯದು.

ಬೂಸ್ಟು ಹಿಡಿದದ್ದನ್ನು ನೇರ ಟೇಪ್‌ರೆಕಾರ್ಡರಿಗೆ ಹಾಕಬಾರದು. ಬೂಸ್ಟು ಎಲ್ಲಾ ಕಡೆ ಹರಡುತ್ತದೆ, ಅಂಟಿಕೊಂಡ ಟೇಪ್ ಹರಿಯಬಹುದು. ಮುಖಕ್ಕೆ ಮಾಸ್ಕ್ ಆಗ ಹೇಗೂ ಇತ್ತು. ಹೊರಗೆ ಜಗಲಿಯಲ್ಲಿ ಕೂತು, ಐದು ಸ್ಕ್ರೂ ಬಿಚ್ಚಿ, ಎರಡು ಸುರುಳಿಗಳನ್ನು ಮೆಲ್ಲ ಎತ್ತಿ ಖಾಲಿ ಕ್ಯಾಸೆಟ್ಟಿನ ಒಳಗೆ ಕೂರಿಸಿದೆ. ಪೆನ್ಸಿಲ್ ಹಾಕಿ ಕೈಯಿಂದಲೇ ಒಂದು ಸುತ್ತು ಪೂರ್ತಿ ಸುತ್ತುತ್ತಾ, ಒಣ ಹತ್ತಿಯಿಂದ ಟೇಪಿನ ಅಂಚು ಒರೆಸುತ್ತಾ ಹೋದೆ. ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪಟ್ಟಿ ಅದು. ಅರ್ಧ ದಿನ ಹಿಡಿಯಿತು. ಟು-ಇನ್-ವನ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಕಂದು ಬಣ್ಣದ ಕೊಳೆ ಮೂರು ಕಡ್ಡಿಯಷ್ಟು ಬಂತು.

ತಂತಿ ಜೋಡಿಸಿ ಪ್ಲೇ ಒತ್ತಿದೆ. ಮೊದಲು ಬಂದದ್ದು ಅದೇ ಗೊಂಯ್. ಕ್ಯಾಸೆಟ್ ನಿಲ್ಲಿಸಿದೆ. ಗೊಂಯ್ ನಿಲ್ಲಲಿಲ್ಲ!

ಎಂದರೆ ಅದು ಟೇಪಿನಲ್ಲಿ ಇರಲೇ ಇಲ್ಲ. ಟು-ಇನ್-ವನ್‌ನ ಕರೆಂಟಿನ ವಯರಿನಿಂದ ಬರುತ್ತಿದ್ದದ್ದು. ಪ್ಲಗ್ ಕಿತ್ತು, ಅಂಗಡಿಯಿಂದ ಆರು ದೊಡ್ಡ ಸೆಲ್ ತಂದು ಹಾಕಿ, ಲ್ಯಾಪ್‌ಟಾಪಿನ ಚಾರ್ಜರನ್ನೂ ತೆಗೆದೆ. ಗೊಂಯ್ ಮಾಯ. ಯಾವ ಫಿಲ್ಟರೂ ಬೇಕಾಗಿರಲಿಲ್ಲ. 2012ರಲ್ಲೂ ಆರು ಸೆಲ್ ನಮ್ಮದೇ ಅಂಗಡಿಯ ಹಲಗೆಯಲ್ಲಿ ಇದ್ದವು.

ಹೊಸದಾಗಿ ತುಂಬಿಸಿದ ಫೈಲನ್ನು ಪ್ಲೇಯರಿಗೆ ಹಾಕಿ ಉಪ್ಪನ ಕೈಗೆ ಕೊಟ್ಟೆ. ಮಗರಿಬ್ ಆಗಿತ್ತು. ಉಮ್ಮ ಹೊಲಿದ ಮೆತ್ತೆಯ ಹೆಡ್‌ಫೋನ್ ಹಾಕಿ, ಕನ್ನಡಕ ತೆಗೆದು ಮಡಚಿಟ್ಟು, ಗುಬ್ಬಿ ಒತ್ತಿದರು. ನಾನು ಎದುರು ಕೂತೆ. ನನಗೆ ಏನೂ ಕೇಳುತ್ತಿರಲಿಲ್ಲ, ಅವರ ಕೈ ಮಾತ್ರ ಕಾಣುತ್ತಿತ್ತು. ಬಲಗೈಯ ಬೆರಳುಗಳು ಕುರ್ಚಿಯ ಕೈಯ ಮೇಲೆ ತಾಳ ಹಿಡಿದವು. ಐದು ನಿಮಿಷ, ಆರು ನಿಮಿಷ. ಒಂದು ಕಡೆ ಬೆರಳುಗಳು ಎತ್ತಿದಲ್ಲೇ ನಿಂತವು. ಕಾದವು. ಆಮೇಲೆ ಉಪ್ಪ ಗಟ್ಟಿಯಾಗಿ ನಕ್ಕರು.

"ಅಗೋ, ಅಲ್ಲಿ ತಪ್ಪಿದ. ಒಂದು ಪೆಟ್ಟು ಮೊದಲೇ ಬಿತ್ತು. ಆ ರಾತ್ರಿ ಇದಕ್ಕೇ ನಾನು ಅವನಿಗೆ ಬೈದದ್ದು."

ಹೆಡ್‌ಫೋನ್ ತೆಗೆದು ನನಗೆ ಕೊಟ್ಟರು. ನಾನು ಕೇಳಿದೆ. ಹೌದು. ಹತ್ತು ದಫ್ ಒಟ್ಟಿಗೆ ಬೀಳುವ ಮೊದಲು ಒಂದೇ ಒಂದು, ತಗ್ಗಿನ, ತುಂಬಿದ ಸದ್ದು. ನಾನು ಸ್ವಚ್ಛ ಮಾಡಿದ ಫೈಲಿನಲ್ಲಿ ಆ ತಪ್ಪು ಇರಲಿಲ್ಲ. ತಪ್ಪಿಲ್ಲದ ಆ ಫೈಲಿನಲ್ಲಿ ಚಿಕ್ಕಪ್ಪನೂ ಇರಲಿಲ್ಲ.

ಗಡಿ ತೆರೆದ ಮೇಲೆ ಮಂಗಳೂರಿನಲ್ಲಿ ಉಪ್ಪನ ಕಿವಿ ಪರೀಕ್ಷೆ ಮಾಡಿಸಿದೆವು. ಆಡಿಯೋಗ್ರಾಮಿನ ಗೆರೆ ನಾವು ಮನೆಯಲ್ಲಿ ಕಂಡದ್ದನ್ನೇ ಹೇಳಿತು. ತಗ್ಗಿನ ಕಡೆ ಚೆನ್ನಾಗಿದೆ, ಮೇಲೆ ಹೋದಂತೆ ಇಳಿಜಾರು. 'ಸ', 'ಶ', 'ತ'ದಂಥ ವ್ಯಂಜನಗಳ ಹರಿತವಿರುವುದು ಆ ಮೇಲಿನ ಸ್ವರಗಳಲ್ಲಿ. ಹಾಗಾಗಿ ಮಾತು ಕೇಳುತ್ತದೆ, ಅಕ್ಷರ ಬಿಡಿಸಿ ತಿಳಿಯುವುದಿಲ್ಲ. ಕಿರುಚಿದರೆ ಉಪಯೋಗವಿಲ್ಲ. ಎದುರು ನಿಂತು, ಮುಖ ಕಾಣುವಂತೆ, ನಿಧಾನ ಹೇಳಬೇಕು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ನಾವು ಎರಡು ವರ್ಷ ಕಿರುಚಿದ್ದೆವು, ಅಂಗಡಿಯನ್ನೂ ಬಿಡಿಸಿದ್ದೆವು. ಫೋನಿನ ಆರ್ಡರ್ ಈಗಲೂ ತಮ್ಮನದ್ದೇ. ಆದರೆ ಸಂಜೆ ಎರಡು ಗಂಟೆ ಗಲ್ಲಾದಲ್ಲಿ ಉಪ್ಪ ಕೂರುತ್ತಾರೆ. ಗಿರಾಕಿಗಳು ಎದುರು ನಿಂತೇ ಮಾತಾಡುವುದಲ್ಲವೇ, ಅಲ್ಲಿ ತಪ್ಪುವುದು ಕಡಿಮೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇರಬಹುದು. ಮದುವೆಯ ಪಾಟ್, ಗಲ್ಫಿಗೆ ಕಳಿಸಲು ಮಾತಾಡಿ ತುಂಬಿಸಿದ ಕ್ಯಾಸೆಟ್-ಪತ್ರ, ತೀರಿಕೊಂಡವರ ಸ್ವರ. ಮಳೆಗಾಲದ ಮೊದಲು ಇಳಿಸಿ. ಸೆಲ್ ಹಾಕಿ ತುಂಬಿಸಿ. ಮೊದಲ ಪ್ರತಿಯನ್ನು ಮುಟ್ಟಬೇಡಿ, ಏನು ಕತ್ತರಿಸುವುದಿದ್ದರೂ ಇನ್ನೊಂದು ಪ್ರತಿಯಲ್ಲಿ. ಮನೆಯ ಹಿರಿಯರು ಕೇಳಿ "ಇದರಲ್ಲಿ ಏನೋ ಇಲ್ಲ" ಎಂದರೆ ಮೊದಲು ಇಯರ್‌ಫೋನ್ ನೋಡಿ, ಆಮೇಲೆ ಪ್ಲೇಯರ್, ಆಮೇಲೆ ಫೈಲ್. ಅವರ ಕಿವಿಯ ಮಾತು ಕಟ್ಟಕಡೆಗೆ ಬರಲಿ.

ನನ್ನ ಸಂಬಂಧಿಕರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು ಹಿಂದೆ ಹಂಚಿದ್ದ ಫೈಲನ್ನು ಅಳಿಸಿ. ಹೊಸತು ಬೇಕಾದವರು ನನಗೆ ಹೇಳಿ, ಕಳಿಸುತ್ತೇನೆ. ಟೋಪಿ ಸರಿಯಾಗಿ ಕೂರಿಸಿಕೊಂಡು ಕೇಳಿ. ಆರನೇ ನಿಮಿಷ ದಾಟಿದ ಮೇಲೆ ಒಂದು ಪೆಟ್ಟು ಮೊದಲೇ ಬೀಳುತ್ತದೆ. ಅದು ಅವರು.